ಘಾಟಿ ಇಲ್ಲದ ಪರೀಕ್ಷೆ

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಡೀಸೆಲ್ ಗಾಡಿ ಇಟ್ಟವರೆಲ್ಲ ಊರಿಗೆ ವಿಷ ಹಾಕುವವರು ಅನ್ನುವ ಹಾಗೆ ಬರೆದಿದ್ದೀರಿ. ನನ್ನದೂ ಡೀಸೆಲ್ ಕಾರು, ಅಡಿಕೆಗೆ ರೇಟು ಬಂದಿತ್ತಲ್ಲ, 2014ರಲ್ಲಿ, ಆಗ ತೆಗೆದದ್ದು. ದೀಪಾವಳಿಗೆ ಬಂದ ಅಳಿಯ “ಮಾವ, ನಿಮ್ಮ ಕಾರು ವಿಷ ಕಾರತ್ತೆ” ಅಂತ ಎಲ್ಲರೆದುರು ಹೇಳಿದ. ದೊಡ್ಡ ದೊಡ್ಡ ಕಂಪನಿಗಳೇ ಪರೀಕ್ಷೆಯಲ್ಲಿ ಕಳ್ಳಾಟ ಆಡಿದ್ದರೆ ಪಾಪ ನಮಗೆ ಹೇಗೆ ಬರುತ್ತದೆ? ಮಾರೋಣ ಎಂದರೆ ಶಿವಮೊಗ್ಗದ ಬ್ರೋಕರ್ ಹೇಳುವ ರೇಟಿಗೆ ಒಂದು ಒಳ್ಳೆ ಎಮ್ಮೆಯೂ ಬರುವುದಿಲ್ಲ. ಈಗೀಗ ಘಾಟಿಯಲ್ಲಿ ಎಳೆತವೂ ಕಡಿಮೆ. ಈಜಿಆರ್ ಎಂಬ ಹೊಗೆಯ ವಾಲ್ವು ಬ್ಲಾಕ್ ಮಾಡಿಸಿದರೆ ಸರಿಯಾಗುತ್ತದೆ ಎಂದು ಗ್ಯಾರೇಜಿನವ ಹೇಳುತ್ತಾನೆ. ಏನು ಮಾಡಲಿ, ತಿಳಿಸಿ.’

ಗೌಡ್ರೇ, ಹೆಸರು ಹಾಕಬೇಡಿ ಎಂದು ಎರಡು ಸಲ ಗೀಟು ಎಳೆದು ಬರೆದಿದ್ದೀರಿ. ಹಾಕಿಲ್ಲ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ‘ಗೌಡ್ರೇ’ ಎಂದು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ, ಹಾಗಾಗಿ ನಿಮ್ಮ ಗುಟ್ಟು ಭದ್ರ. ಕಾರು ಯಾವ ಕಂಪನಿಯದ್ದು ಎಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ.

ಮೊದಲು ಅಳಿಯಂದಿರ ಪರವಾಗಿ ಒಂದು ಮಾತು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಡೀಸೆಲ್ ಇಂಜಿನ್ನಿನ ಕಾವಿಗೆ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಕೂಡಿಕೊಂಡು ಸಾರಜನಕದ ಆಕ್ಸೈಡುಗಳಾಗುತ್ತವೆ. ಇಂಜಿನಿಯರುಗಳು ಅದನ್ನು ನಾಕ್ಸ್ ಎನ್ನುತ್ತಾರೆ. ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಉಬ್ಬಸ ಇರುವವರಿಗಂತೂ ಅಲ್ಲವೇ ಅಲ್ಲ. ಕಳೆದ ಸಂಚಿಕೆಯ ಲೇಖನದಲ್ಲಿ ಇದ್ದದ್ದೂ ಇಷ್ಟೇ. ಆ ಕಡೆಯವರ ಮರ್ಯಾದೆ ಆ ಕಡೆಯವರಿಗೆ ಸಂದಿತು. ಇನ್ನು ನಿಮ್ಮ ಕಡೆಗೆ ಬರುತ್ತೇನೆ, ಯಾಕೆಂದರೆ ನಿಮ್ಮ ಪತ್ರ ನನ್ನ ಹಳೆಯ ಹುಚ್ಚೊಂದನ್ನು ಕೆಣಕಿದೆ. ಮೊದಲೇ ತಿಳಿಸಿ ಬರುವ ತಪಾಸಣೆಯನ್ನು ನಾನು ತಪಾಸಣೆ ಎಂದು ಒಪ್ಪುವವನಲ್ಲ. ಅದು ಸತ್ಯನಾರಾಯಣ ಪೂಜೆಯ ಹಾಗೆ. ದಿನ ಗೊತ್ತು ಮಾಡಿ, ಅಂಗಳ ಸಾರಿಸಿ, ಬಂದವರಿಗೆ ಊಟ ಹಾಕಿ ಕಳಿಸುವ ಕಾರ್ಯಕ್ರಮ.

2015ರ ಸೆಪ್ಟೆಂಬರ್ 17ರಂದು ನಾವೆಲ್ಲ ಗಣಪತಿ ಕೂರಿಸಿದೆವು. ಮಾರನೇ ದಿನ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ತಗ್ಗಿಸುವ ತಂತ್ರಾಂಶವನ್ನು ಕಾರಿನಲ್ಲಿ ಅಡಗಿಸಿಟ್ಟಿದ್ದೀರಿ ಎಂದು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಗೆ ನೋಟಿಸ್ ಕೊಟ್ಟಿತು. ಪ್ರಪಂಚದಾದ್ಯಂತ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿ ಆ ತಂತ್ರಾಂಶ ಇದೆ ಎಂದು ಕಂಪನಿಯೇ ಒಂದು ವಾರದೊಳಗೆ ಒಪ್ಪಿಕೊಂಡಿತು. 23ಕ್ಕೆ ಅದರ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ನಮ್ಮ ಕೇರಿಯ ಗಣಪತಿಯ ವಿಸರ್ಜನೆ ಇನ್ನೂ ಆಗಿರಲಿಲ್ಲ.

ಆಟ ಹೀಗಿತ್ತು. ಕಾರಿನ ಹೊಗೆಯನ್ನು ಅಳೆಯುತ್ತಿದ್ದದ್ದು ರಸ್ತೆಯಲ್ಲಲ್ಲ, ಕೊಠಡಿಯೊಳಗೆ, ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ. ಯುರೋಪಿನ ಆ ಹಳೆಯ ಪರೀಕ್ಷೆ ಸುಮಾರು 20 ನಿಮಿಷದ್ದು, 11 ಕಿಲೋಮೀಟರಿನದ್ದು. ಎಷ್ಟನೇ ಸೆಕೆಂಡಿಗೆ ಎಷ್ಟು ವೇಗ ಎನ್ನುವುದು ಮೊದಲೇ ಅಚ್ಚಾಗಿರುತ್ತದೆ. ನಮ್ಮ ದೇಶದ್ದು ಅದರ ತಮ್ಮ. ಗರಿಷ್ಠ ವೇಗವನ್ನು 120ರಿಂದ 90ಕ್ಕೆ ಇಳಿಸಿಕೊಂಡಿದ್ದೆವು. ಪ್ರಶ್ನೆಪತ್ರಿಕೆ ಇಷ್ಟು ಚೆನ್ನಾಗಿ ಗೊತ್ತಿದ್ದ ಮೇಲೆ ಓದುವವರು ಯಾರು? ಕಾರಿನ ಕಂಪ್ಯೂಟರ್ ವೇಗ ನೋಡುತ್ತಿತ್ತು, ಇಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ ನೋಡುತ್ತಿತ್ತು, ಸ್ಟೇರಿಂಗನ್ನೂ ನೋಡುತ್ತಿತ್ತು. ಚಕ್ರ ಓಡುತ್ತಿದೆ, ಸ್ಟೇರಿಂಗ್ ಮಾತ್ರ ಅಲ್ಲಾಡುತ್ತಿಲ್ಲ. ಓಹೋ, ಪರೀಕ್ಷೆ! ಹೊಗೆ ತೊಳೆಯುವ ವ್ಯವಸ್ಥೆಯೆಲ್ಲ ಆಗ ಚಾಲು. ರಸ್ತೆಗಿಳಿದರೆ ಆ ಶಿಸ್ತೆಲ್ಲ ಸಡಿಲ. ಅಮೆರಿಕದಲ್ಲಿ ಮಿತಿಗಿಂತ 40 ಪಟ್ಟಿನವರೆಗೆ ನಾಕ್ಸ್ ಹೊರಬರುತ್ತಿತ್ತು.

ಇದನ್ನು ಓದಿದ ದಿನ ನನಗೆ ನೆನಪಾದದ್ದು ಆಗುಂಬೆ. ಹದಿನಾಲ್ಕು ತಿರುವು. ಸೋಮೇಶ್ವರದಿಂದ ಮೇಲೆ ಬರುವಷ್ಟರಲ್ಲಿ ಸ್ಟೇರಿಂಗ್ ನೆಟ್ಟಗೆ ನಿಲ್ಲುವುದು ಎಷ್ಟು ಕ್ಷಣ, ನೀವೇ ಹೇಳಿ. ಘಾಟಿ ಹೋಗಲಿ, ನಮ್ಮ ಮನೆಯಿಂದ ಹಾಲಿನ ಡೈರಿಗೆ ಹೋಗುವ ದಾರಿಯಲ್ಲೂ ಅದು ನೆಟ್ಟಗೆ ನಿಲ್ಲುವುದಿಲ್ಲ. ಅಂಥ ಕಾರು ಮಲೆನಾಡಿಗೆ ಬಂದರೆ, ಶೋರೂಮಿನಿಂದ ಹೊರಟ ದಿನದಿಂದ ಗುಜರಿಗೆ ಬೀಳುವ ದಿನದವರೆಗೆ ಅದಕ್ಕೆ ಪ್ರಾಮಾಣಿಕವಾಗಿರುವ ಸಂದರ್ಭವೇ ಒದಗುವುದಿಲ್ಲ, ಪಾಪ.

ಈ ಕಳ್ಳಾಟ ಯಾಕೆ ಬೇಕಿತ್ತು ಎಂದರೆ, ಇಂಜಿನ್ನಿನ ಕಾವು ಇಳಿಸಿದರೆ ನಾಕ್ಸ್ ಇಳಿಯುತ್ತದೆ, ಮಸಿ ಏರುತ್ತದೆ. ನಾಕ್ಸನ್ನು ಹಿಡಿದಿಡುವ ಡಬ್ಬಿ ಕೂರಿಸಿದರೆ ಅದನ್ನು ಆಗಾಗ ಶುದ್ಧ ಮಾಡಲು ಹೆಚ್ಚಿಗೆ ಡೀಸೆಲ್ ಸುಡಬೇಕು. ಯೂರಿಯಾ ದ್ರಾವಣ ಚಿಮ್ಮಿಸುವ ವ್ಯವಸ್ಥೆ ಇದೆ, ಅದಕ್ಕೆ ದುಡ್ಡೂ ಬೇಕು ಜಾಗವೂ ಬೇಕು, ಮುಗಿದಾಗಲೆಲ್ಲ ತುಂಬಿಸಬೇಕು. ಬೆಲೆ, ಮೈಲೇಜು, ಎಳೆತ, ಇವುಗಳಲ್ಲಿ ಏನನ್ನಾದರೂ ಸ್ವಲ್ಪ ಬಿಟ್ಟುಕೊಟ್ಟರೆ ಆಗುತ್ತಿತ್ತು. ಅವರು ತಮ್ಮದಲ್ಲದ ಗಾಳಿಯನ್ನು ಬಿಟ್ಟುಕೊಟ್ಟರು. ಅದೇ ಕಂಪನಿಯ ಜೆಟ್ಟಾ ಡೀಸೆಲ್ ಕಾರಿಗೆ ಅಮೆರಿಕದ ಪತ್ರಿಕೆಯೊಂದು 2009ರ ‘ವರ್ಷದ ಹಸಿರು ಕಾರು’ ಪ್ರಶಸ್ತಿ ಕೊಟ್ಟಿತ್ತು, ಹಗರಣ ಬಯಲಾದ ಮೇಲೆ ವಾಪಸ್ ಪಡೆಯಿತು. (ನಮ್ಮ ಪತ್ರಿಕೆ ಯಾರಿಗೂ ಪ್ರಶಸ್ತಿ ಕೊಡುವುದಿಲ್ಲವೆಂದು ಕೊಂಕು ಆಡುವವರು ಇದನ್ನು ಗಮನಿಸಬೇಕು.)

ಸಿಕ್ಕಿಬಿದ್ದದ್ದು ಕೊಠಡಿ ಬಿಟ್ಟು ಹೊರಗೆ ಬಂದಾಗ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ ಅಳೆಯುವ ಯಂತ್ರವನ್ನೇ ಕಾರಿನ ಹಿಂದೆ ಹೇರಿಕೊಂಡು 2013ರಲ್ಲಿ ಕ್ಯಾಲಿಫೋರ್ನಿಯಾದ ಪೇಟೆ, ಹೆದ್ದಾರಿ, ಏರು, ಇಳಿಜಾರು ಎಲ್ಲ ಸುತ್ತಿತು. ಒಂದು ಕಾರನ್ನು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಓಡಿಸಿದರು. ತಂಡದ ಹುಡುಗರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ. ಅವರು ಹೊರಟದ್ದು ಕಳ್ಳನನ್ನು ಹಿಡಿಯುತ್ತೇವೆಂದಲ್ಲ. ಅಮೆರಿಕದ ಡೀಸೆಲ್ ಕಾರು ಎಷ್ಟು ಶುದ್ಧ ನೋಡಿ, ಯುರೋಪಿನವರೂ ಕಲಿಯಲಿ ಎಂದು ತೋರಿಸಲಿಕ್ಕೆ. ಅಂಕಿ ಬಂದಾಗ ಮೊದಲು ಅನುಮಾನ ಪಟ್ಟದ್ದು ತಮ್ಮ ಯಂತ್ರದ ಮೇಲೆಯೇ ಅಂತೆ. ಅದೇ ಕಪ್ಪಣ್ಣ 2019ರಲ್ಲಿ ಇನ್ನೊಂದು ದೊಡ್ಡ ಕಾರು ಕಂಪನಿ ಸಾವಿರಾರು ಜನರನ್ನು ಮನೆಗೆ ಕಳಿಸಿದಾಗ ಅವರಲ್ಲೊಬ್ಬರಾಗಿ ಊರಿಗೆ ಮರಳಿದರು. ಅದಕ್ಕೂ ಇದಕ್ಕೂ ನಂಟಿಲ್ಲ ಎಂದಿತು ಕಂಪನಿ. ಇರಬಹುದು. ಆದರೂ ಆ ಮನುಷ್ಯನಿಗೆ ವಿಧಾನಸೌಧದ ಎದುರು ಒಂದು ಹಾರವಾದರೂ ಬೀಳಬೇಕಿತ್ತು ಎಂದು ನನಗೆ ಅನಿಸುತ್ತದೆ. ಯಾರ್ಯಾರಿಗೋ ಬೀಳುತ್ತದಲ್ಲ.

ಇಷ್ಟು ಓದಿ ‘ಹೋಗ್ಲಿ ಬಿಡಿ ಮಾರಾಯ್ರೆ, ಅದು ಪರದೇಶದ ಕಥೆ’ ಎನ್ನಬೇಡಿ. ನಾನು ಹೊಸನಗರ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿದವ. ಗುಡ್ಡದಾಚೆ ಇನ್ನೊಂದು ಶಾಲೆ ಇತ್ತು. ಅಲ್ಲಿನ ಹಾಜರಿ ಪುಸ್ತಕಕ್ಕೂ ಕೂತ ಮಕ್ಕಳಿಗೂ ತಾಳೆಯೇ ಆಗುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಬರುವ ದಿನ ನಮ್ಮಲ್ಲಿ ಹತ್ತು ಜನರನ್ನು ಆರಿಸಿ, ಒಳದಾರಿಯಲ್ಲಿ ಸಂಕ ದಾಟಿಸಿ, ಅಲ್ಲಿ ಕೂರಿಸುತ್ತಿದ್ದರು. ನಾನು ಒಮ್ಮೆ ನಾಗರಾಜ ಎಂಬ ಹುಡುಗನಾಗಿ ಎದ್ದು ನಿಂತು ಹದಿಮೂರರ ಮಗ್ಗಿ ಒಪ್ಪಿಸಿದ್ದೇನೆ. ಇನ್ಸ್‌ಪೆಕ್ಟರ್ ಭೇಷ್ ಎಂದರು. ಮನೆಗೆ ಬಂದು ಹೇಳಿದರೆ ಅಮ್ಮ ಕೇಳಿದ್ದು ಒಂದೇ ಮಾತು: ‘ಆ ನಾಗರಾಜ ಎಲ್ಲಿದ್ನಾ?’ ನಾಗರಾಜ ಸೊಪ್ಪು ತರಲು ಬೆಟ್ಟಕ್ಕೆ ಹೋಗಿದ್ದ.

ಟವೇರಾ ಕಥೆ ಓದಿದಾಗ ನನಗೆ ನಾಗರಾಜನೇ ಕಣ್ಣಿಗೆ ಬಂದ. ನಮ್ಮ ಕಡೆ ದಿಬ್ಬಣ ಹೊತ್ತದ್ದು, ಮಳೆಗಾಲದ ರಾತ್ರಿ ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಒಯ್ದದ್ದು, ಧರ್ಮಸ್ಥಳಕ್ಕೆ ಇಡೀ ಮನೆಯನ್ನೇ ತುಂಬಿಕೊಂಡು ಹೋದದ್ದು ಅದೇ ಗಾಡಿಯಲ್ಲವೇ? 2013ರ ಜುಲೈನಲ್ಲಿ, ಜರ್ಮನಿಯ ಹಗರಣಕ್ಕೆ ಎರಡು ವರ್ಷ ಮೊದಲು, ಜನರಲ್ ಮೋಟರ್ಸ್ ಇಂಡಿಯಾ 2005ರಿಂದ ತಯಾರಾದ 1 ಲಕ್ಷ 14 ಸಾವಿರ ಷೆವರ್ಲೆ ಟವೇರಾಗಳನ್ನು ವಾಪಸ್ ಕರೆಯಿತು. ಹೊಗೆ ಕಡಿಮೆ ಬರುವ ಇಂಜಿನ್ನುಗಳನ್ನು ಆರಿಸಿಟ್ಟುಕೊಂಡು, ತಪಾಸಣೆಗೆ ನಿಲ್ಲುವ ಗಾಡಿಗೆ ಅವನ್ನೇ ಕೂರಿಸುತ್ತಿದ್ದರು. ಗಾಡಿಯ ತೂಕದಲ್ಲೂ ಕೈಚಳಕ. ಇದು ಕಂಪನಿಯೇ ಒಪ್ಪಿಕೊಂಡು ಹಲವರನ್ನು ಕೆಲಸದಿಂದ ತೆಗೆದ ವಿಷಯ. ಜರ್ಮನ್ನರು ತಂತ್ರಾಂಶ ಬರೆದರು, ಇಲ್ಲಿ ಅದೂ ಬೇಕಾಗಲಿಲ್ಲ, ಎರವಲು ನಾಗರಾಜ ಸಾಕಾದ. ಎಷ್ಟು ಜನರಿಗೆ ಇದು ನೆನಪಿದೆ? ನಮ್ಮ ಪತ್ರಿಕೆಯ ಕಟ್ಟುಗಳನ್ನು ಸಾಗರಕ್ಕೆ ಒಯ್ಯುತ್ತಿದ್ದ ಬಾಡಿಗೆ ಗಾಡಿಯವನಿಗೆ ಸುದ್ದಿ ಓದಿ ಹೇಳಿದೆ. ‘ಹೊಗೆ ಹಿಂದೆ ಹೋಗ್ತದೆ ಸಾರ್, ನಾನು ಮುಂದೆ ನೋಡ್ಕಂಡು ಓಡ್ಸದು’ ಎಂದ.

ಈಗ ದುಡ್ಡಿನ ಲೆಕ್ಕಕ್ಕೆ ಬನ್ನಿ, ನಿಮ್ಮ ಹೊಟ್ಟೆ ಉರಿಯುವುದು ಇಲ್ಲೇ. ಅಮೆರಿಕದ ಫೋಕ್ಸ್‌ವ್ಯಾಗನ್ ಮಾಲೀಕರಿಗೆ 2016ರ ಒಪ್ಪಂದದಲ್ಲಿ ಹಗರಣಕ್ಕೆ ಮುಂಚಿನ ಬೆಲೆಗೇ ಕಾರು ವಾಪಸ್ ಕೊಡುವ ಅವಕಾಶ ಸಿಕ್ಕಿತು, ಜೊತೆಗೆ ತಲಾ 5,100ರಿಂದ 10,000 ಡಾಲರ್ ಪರಿಹಾರ. ಜರ್ಮನಿಯವರು ಸ್ವಲ್ಪ ಕಾಯಬೇಕಾಯಿತು. 2020ರ ಒಪ್ಪಂದದಲ್ಲಿ ಕಾರಿನ ವಯಸ್ಸು ನೋಡಿ 1,350ರಿಂದ 6,257 ಯೂರೋ. ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ, ಓಡಿಸಿದ ಕಿಲೋಮೀಟರಿನ ಬಾಬ್ತು ಕಳೆದು ಕಾರಿನ ದುಡ್ಡು ವಾಪಸ್ ಕೊಡಿ ಎಂದಿತು.

ಭಾರತದಲ್ಲಿ? 2015ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಸೇರಿ ಸುಮಾರು 3 ಲಕ್ಷ 23 ಸಾವಿರ ಕಾರುಗಳನ್ನು ಕರೆಸಿ ತಂತ್ರಾಂಶ ಬದಲಿಸುತ್ತೇವೆ ಎಂದರು. ಇಲ್ಲಿ ರಸ್ತೆಯ ಮೇಲೆ ಅಳೆಯುವ ನಿಯಮವೇ ಇಲ್ಲ, ಬಿಎಸ್-4 ಎಂಬ ಇಲ್ಲಿನ ಹೊಗೆ ಮಾನದಂಡದ ಮಿತಿಯನ್ನು ನಾವು ಮೀರಿಲ್ಲ ಎನ್ನುವುದು ಆಗ ಕಂಪನಿಯ ವಾದವಾಗಿತ್ತು. ನಿಯಮ ಇರಲಿಲ್ಲ ಎನ್ನುವುದು ನಿಜ, ಒಪ್ಪೋಣ. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ದಂಡ ಹಾಕಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ 500 ಕೋಟಿ ವಸೂಲಾಗಿದ್ದರೂ ಕಂತು ಕಟ್ಟಿ ಕಾರು ಕೊಂಡವನಿಗೆ ಅದರಲ್ಲಿ ಒಂದು ಕಾಸೂ ಬರುತ್ತಿರಲಿಲ್ಲ, ಅದು ಗಾಳಿಯ ಲೆಕ್ಕದ ದಂಡ. ಮೋಸ ಹೋದವನು ಗಿರಾಕಿಯೂ ಹೌದು ಎನ್ನುವುದು ಆ ದಂಡದ ಲೆಕ್ಕದಲ್ಲಿ ಬರಲೇ ಇಲ್ಲ. ನಮ್ಮಲ್ಲಿ ಗಿರಾಕಿ ನೆನಪಾಗುವುದು ದಂಡ ಕಟ್ಟಿಸಿಕೊಳ್ಳುವಾಗ.

ಹೌದು, ಎಮಿಷನ್ ಸರ್ಟಿಫಿಕೇಟು. ಅದಿಲ್ಲದೆ ಸಿಕ್ಕಿದರೆ 10,000 ರೂಪಾಯಿವರೆಗೂ ಕಾನೂನಿನಲ್ಲಿ ಅವಕಾಶ ಇದೆ. ಹಾಗಾದರೆ ಆ ಸರ್ಟಿಫಿಕೇಟು ಏನು ಹೇಳುತ್ತದೆ? ಡೀಸೆಲ್ ಗಾಡಿಯನ್ನು ನಿಂತಲ್ಲೇ ರೇಸ್ ಮಾಡಿಸಿ, ಹೊಗೆ ಎಷ್ಟು ಕಪ್ಪಗಿದೆ ಎಂದು ನೋಡುತ್ತಾರೆ. ಅಷ್ಟೇ. ನಾಕ್ಸ್ ಅದರಲ್ಲಿ ಅಳತೆಗೇ ಬರುವುದಿಲ್ಲ. 40 ಪಟ್ಟು ನಾಕ್ಸ್ ಕಾರುವ ಗಾಡಿಯೂ ಆ ಕೊಳವೆಯೆದುರು ಮುಗುಳ್ನಗುತ್ತಾ ಪಾಸಾಗುತ್ತದೆ. ನನ್ನ ಹಳೇ ಜೀಪಿಗೆ ಒಮ್ಮೆ ಕೊಳವೆಯನ್ನೂ ಹಾಕಲಿಲ್ಲ. ಹುಡುಗ ನಂಬರ್ ಪ್ಲೇಟಿನ ಫೋಟೋ ತೆಗೆದು, ‘ಆಯ್ತು ಸಾರ್’ ಎಂದು ಚೀಟಿ ಕೊಟ್ಟ. ಮಳೆ ಬರುತ್ತಿತ್ತು, ಅವನಿಗೂ ಎದ್ದು ಬರಲು ಬೇಜಾರು, ನನಗೂ ಇಳಿಯಲು ಬೇಜಾರು. ಆ ಚೀಟಿ ಆರು ತಿಂಗಳು ನನ್ನ ಜೇಬಿನಲ್ಲಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ನಾವು ಪರೀಕ್ಷೆ ಮಾಡಲು ಬರದ ಜನ ಎಂದು ಯಾರಾದರೂ ಹೇಳಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಮುಂಗಾರಿಗೆ ಮುಂಚೆ ನಿಮ್ಮ ತೋಟದಲ್ಲಿ ಏನು ಮಾಡುತ್ತೀರಿ? 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅಡಿಕೆಗೆ ಕೊಳೆರೋಗ ಬಾರದಿರಲು ಹೊಡೆಯುವ ಬೋರ್ಡೋ ದ್ರಾವಣ. ಕೊನೆಗಾರ ಮರ ಹತ್ತುವ ಮೊದಲು ಕತ್ತಿಯ ಬಾಯಿಯನ್ನು ಅದರಲ್ಲಿ ಅದ್ದುತ್ತೀರಿ. ತುದಿ ತಾಮ್ರದ ಹಾಗೆ ಕೆಂಪಾದರೆ ಇನ್ನಷ್ಟು ಸುಣ್ಣ. ಯಾವ ಇನ್ಸ್‌ಪೆಕ್ಟರ್ ಬಂದು ನೋಡುತ್ತಾನೆ ಅದನ್ನು? ಯಾರೂ ಇಲ್ಲ. ಸುಳ್ಳು ಹೇಳಿಕೊಂಡರೆ ಆಷಾಢದಲ್ಲಿ ಕೊಳೆ ಬಂದು ಕಾಯಿ ಉದುರುವುದು ನಿಮ್ಮದೇ ತೋಟದಲ್ಲಿ. ಕಾರು ಕಂಪನಿಗೂ ಹೀಗೆ ತನ್ನದೇ ತೋಟ ಇದ್ದಿದ್ದರೆ! ನಮ್ಮ ಸರ್ಕಾರಕ್ಕೆ ಕೊಠಡಿ ಬಿಟ್ಟು ರಸ್ತೆಯಲ್ಲಿ ಅಳೆಯುವ ನಿಯಮ ತರಲು 2023ರ ಏಪ್ರಿಲ್ 1 ಆಗಬೇಕಾಯಿತು. ಆ ನಿಯಮ ಹೊಸ ಕಾರುಗಳಿಗೆ. ನಿಮ್ಮದು 2014ರದ್ದು, ಅದರ ಪುರಾಣ ಯಾವತ್ತೂ ಬಿಚ್ಚುವುದಿಲ್ಲ.

ಹಾಗಾಗಿ ಗೌಡ್ರೇ, ಪಾಪ ನಿಮ್ಮದಲ್ಲ. ಅಳಿಯನಿಗೆ ಈ ಪುಟವನ್ನು ಕತ್ತರಿಸಿ ಕಳಿಸಿ.

ಆದರೆ ನಿಮ್ಮ ಪತ್ರದ ಕೊನೆಯ ಸಾಲಿಗೆ ಬಂದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಈಜಿಆರ್ ಬ್ಲಾಕ್! ಎಂತ ಮಾರಾಯ್ರೆ ಇದು? ಹೊಗೆಯಲ್ಲಿ ಒಂದು ಪಾಲನ್ನು ತಿರುಗಿ ಇಂಜಿನ್ನಿಗೇ ಕಳಿಸಿ, ಕಾವು ತಗ್ಗಿಸಿ, ನಾಕ್ಸ್ ಕಡಿಮೆ ಮಾಡುವ ಬಾಗಿಲು ಅದು. ಅದಕ್ಕೆ ಗ್ಯಾರೇಜಿನವ ಒಂದು ತಗಡು ಕೂರಿಸುತ್ತಾನೆ. ಎಳೆತ ಬರುತ್ತದೆ ಎನ್ನುವುದು ಸುಳ್ಳಲ್ಲ. ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುವುದೂ ಇಲ್ಲ, ಮೇಲೆ ಹೇಳಿದೆನಲ್ಲ. ಜರ್ಮನಿಯ ಇಂಜಿನಿಯರುಗಳು ಕೋಟಿಗಟ್ಟಲೆ ಖರ್ಚು ಮಾಡಿ ಸಾಧಿಸಿದ್ದನ್ನು ನೀವು ನಾಲ್ಕು ಇಂಚಿನ ತಗಡಿನಲ್ಲಿ ಸಾಧಿಸಲು ಹೊರಟಿದ್ದೀರಿ. ಆಮೇಲೆ ನನಗೇ ಪತ್ರ ಬರೆದು ಕಂಪನಿಯವರು ಕಳ್ಳರು ಎನ್ನುತ್ತೀರಿ.

ತಗಡು ಬೇಡ. ಆ ಈಜಿಆರ್ ವಾಲ್ವು ಬಿಚ್ಚಿಸಿ ಮಸಿ ತೆಗೆಸಿ, ಏರ್ ಫಿಲ್ಟರ್ ಬದಲಿಸಿ, ಇಂಜೆಕ್ಟರ್ ತೋರಿಸಿ. ಎಳೆತ ಬಿದ್ದದ್ದಕ್ಕೆ ಹತ್ತರಲ್ಲಿ ಆರು ಸಲ ಇವೇ ಕಾರಣ ಎಂದು ನಮ್ಮ ಪ್ರೆಸ್ಸಿನ ಪಕ್ಕದ ಮೆಕ್ಯಾನಿಕ್ ಹೇಳುತ್ತಾರೆ, ಉಳಿದ ನಾಲ್ಕು ಸಲ ಓಡಿಸುವವರಂತೆ. ಕಾರು ಮಾರಬೇಡಿ, ಆ ರೇಟಿಗೆ ಎಮ್ಮೆಯೂ ಬರುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಶಿವಮೊಗ್ಗಕ್ಕೆ ಬಂದಾಗ ಆಫೀಸಿಗೆ ಬನ್ನಿ, ಕಾಫಿ ಕುಡಿಯೋಣ. ಗಾಡಿಯನ್ನು ಮಾತ್ರ ನಮ್ಮ ಕಿಟಕಿಯ ಕೆಳಗೆ ಚಾಲು ಇಟ್ಟು ಹಾರ್ನ್ ಹೊಡೆಯಬೇಡಿ, ಪ್ರೂಫ್ ನೋಡುವ ಹುಡುಗಿಗೆ ಉಬ್ಬಸ ಇದೆ.