ದೊಡ್ಡ ಕಂಪನಿಯ ‘ಪಾರ್ಟ್ನರ್’ ಆಗುವ ಮುಂಚೆ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಮಷಿನ್ ಶಾಪ್. ದೊಡ್ಡ ಕಂಪನಿಯೊಂದು ‘ನಮ್ಮ ಪಾರ್ಟ್ನರ್ ಆಗಿ’ ಅನ್ನುತ್ತಿದೆ. ಬೇರೆಯವರ ಆರ್ಡರ್ ಹಿಡಿಯಬಾರದು, ಅವರ ಪಾರ್ಟ್‌ಗೆಂದೇ ಹೊಸ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಹಾಕಬೇಕು, ದುಡ್ಡು 90 ದಿನಕ್ಕೆ. ಒಪ್ಪಿಕೊಳ್ಳಲಾ?

ಉತ್ತರ: ಈಗಿರುವ ಹಾಗೆ ಬೇಡ. ಹಾಗಂತ ಬಾಗಿಲು ಹಾಕಿಬಿಡಬೇಡಿ, ಕೂತು ಮಾತಾಡಿ.

90 ದಿನದ ಷರತ್ತು ಕಾನೂನಿನಲ್ಲೇ ನಿಲ್ಲುವುದಿಲ್ಲ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ, ಕರಾರಿನಲ್ಲಿ ಏನೇ ಬರೆದಿರಲಿ, ಸಣ್ಣ ಘಟಕಕ್ಕೆ 45 ದಿನದೊಳಗೆ ಹಣ ಸೇರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ. ಆದರೆ ಬಡ್ಡಿ ಕೇಳಿ ಗಿರಾಕಿ ಕಳಕೊಳ್ಳುವವರು ಯಾರು, ಅಲ್ವಾ? ಅದಕ್ಕಿಂತ ಆದಾಯ ತೆರಿಗೆ ನಿಯಮವೇ ಜಾಸ್ತಿ ಕೆಲಸಕ್ಕೆ ಬರುತ್ತದೆ. 2023–24ರಿಂದ, ಗಡುವು ಮೀರಿದ ಬಾಕಿಯನ್ನು ಕಂಪನಿ ನಿಜವಾಗಿ ಪಾವತಿಸಿದ ವರ್ಷದಲ್ಲೇ ಖರ್ಚಿಗೆ ತೋರಿಸಬೇಕು, ಅಲ್ಲಿಯವರೆಗೆ ಆ ಮೊತ್ತವನ್ನು ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ. ಅವರ ಅಕೌಂಟ್ಸ್‌ನವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮದು ಸಣ್ಣ ಘಟಕ ಅಂತ ತೋರಿಸುವ ಉದ್ಯಮ್ ನೋಂದಣಿ ಸಂಖ್ಯೆ ಪ್ರತಿ ಬಿಲ್ ಮೇಲೂ ಇರಲಿ.

ಇನ್ನು ‘ನಮಗೆ ಮಾತ್ರ’ ಅನ್ನುವ ಮಾತು. ಒಬ್ಬರನ್ನೇ ನೆಚ್ಚಿಕೊಂಡರೆ ನಿಮಗೆ ಮಾತ್ರವಲ್ಲ, ಒಬ್ಬನೇ ವೆಂಡರ್‌ನನ್ನು ನೆಚ್ಚಿದ ಕಂಪನಿಗೂ ಅಪಾಯ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಟೊಯೋಟಾಗೆ ಬಿಡಿಭಾಗ ಮಾಡಿಕೊಡುವ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾ ಕಾರಿನ ಬ್ರೇಕಿಗೆ ಹಾಕುವ ಪುಟ್ಟ ವಾಲ್ವ್ ಹೆಚ್ಚುಕಮ್ಮಿ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು. ಟೊಯೋಟಾ ಬಳಿ ಸ್ಟಾಕ್ ಇದ್ದದ್ದು ತೀರಾ ಕಮ್ಮಿ. ಅಸೆಂಬ್ಲಿ ಲೈನ್‌ಗಳು ನಿಂತವು. ಐಸಿನ್ ತನ್ನ ಡ್ರಾಯಿಂಗ್‌ಗಳನ್ನು ಬೇರೆ ಕಂಪನಿಗಳಿಗೆ ಹಂಚಿತು. ಹೊಲಿಗೆ ಯಂತ್ರದ ಬ್ರದರ್ ಕಂಪನಿ ಕೂಡ ವಾಲ್ವ್ ಮಾಡಲು ಕೂತಿತು! ಸುಮಾರು ಒಂದು ವಾರದಲ್ಲಿ ಲೈನ್‌ಗಳು ಮತ್ತೆ ಓಡಿದವು. ರೇಟು ಮಾತಾಡದೆಯೇ ಕೆಲಸ ಶುರುವಾಗಿತ್ತು, ಖರ್ಚನ್ನು ಐಸಿನ್ ಆಮೇಲೆ ತುಂಬಿಕೊಟ್ಟಿತು.

ವರ್ಷಗಟ್ಟಲೆ ಜೊತೆಗೆ ದುಡಿದವರು ಹಾಗೆ ಬಾಯಿಮಾತಿನ ಮೇಲೆ ಇಳಿಯಬಹುದು. ನಿಮ್ಮದು ಹೊಸ ಪರಿಚಯ, ಎಲ್ಲ ಕಾಗದದಲ್ಲಿರಲಿ. ತಿಂಗಳಿಗೆ ಕನಿಷ್ಠ ಎಷ್ಟು ಪೀಸ್ ಎತ್ತುತ್ತಾರೆ? ಮಧ್ಯದಲ್ಲಿ ಆರ್ಡರ್ ನಿಂತರೆ ಮಷಿನ್ ಸಾಲದ ಕಂತು ಯಾರ ತಲೆಗೆ? ಫಿಕ್ಸ್ಚರ್ (ಪೀಸ್ ಹಿಡಿದಿಡುವ ಸಾಧನ), ಗೇಜ್ (ಅಳತೆ ನೋಡುವ ಸಾಧನ) ದುಡ್ಡು ಅವರೇ ಹಾಕಲಿ. ಸ್ಟೀಲ್ ರೇಟು ಏರಿದರೆ ಪೀಸ್ ರೇಟೂ ಏರಬೇಕು.

ಇದಕ್ಕೆಲ್ಲ ಒಲ್ಲೆ ಅಂದರೆ ಇರುವ ಮಷಿನ್‌ನಲ್ಲೇ ಆರು ತಿಂಗಳು ಪಿಒ (ಒಂದೊಂದು ಖರೀದಿ ಆರ್ಡರ್) ಲೆಕ್ಕದಲ್ಲಿ ಮಾಡಿಕೊಡಿ. ಅಷ್ಟರಲ್ಲಿ ಅವರ ಈಗಿನ ಒಂದಿಬ್ಬರು ವೆಂಡರ್‌ಗಳನ್ನು ಭೇಟಿ ಮಾಡಿ, ಬಿಲ್ ಎಷ್ಟು ದಿನಕ್ಕೆ ಪಾಸಾಗುತ್ತದೆ, ರಿಜೆಕ್ಷನ್ ನೆಪದಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಅಂತ ವಿಚಾರಿಸಿ.