ಹಾರ್ಪ್‌ನ ಪೆಡಲ್ ಚಿತ್ರ ಜಾಗ ಬಿಟ್ಟು ಓಡುತ್ತಿದೆಯೇ?

ಪ್ರಶ್ನೆ: ಸ್ವರಲಿಪಿ ಬರೆಯುವ ತಂತ್ರಾಂಶ ಮ್ಯೂಸ್‌ಸ್ಕೋರ್ 4ರಲ್ಲಿ, ಏಳು ಪೆಡಲ್‌ಗಳ ತಂತಿವಾದ್ಯ ಹಾರ್ಪ್‌ಗೆ ಬರೆಯುತ್ತಿದ್ದೇನೆ. ಪೆಡಲ್‌ಗಳ ಸ್ಥಾನ ತೋರಿಸುವ ಪೆಡಲ್ ಚಿತ್ರವನ್ನು ಗೆರೆ ಎಳೆದು ಹಾಕಿದ್ದೆ. ಪುಟದ ಅಳತೆ ಬದಲಿಸಿದ ಕೂಡಲೇ ಅದು ಬೇರೆ ಬಾರ್‌ಗೆ (ಲಿಪಿಯ ಬೇರೆ ಖಂಡಕ್ಕೆ) ಹೋಯಿತು. ಸರಿಯಾದ ಕ್ರಮ ಯಾವುದು? ಪ್ರತಿ ಬದಲಾವಣೆಗೂ ಚಿತ್ರ ಬೇಕೇ?

ಉತ್ತರ: ಕೈಯಿಂದ ಎಳೆದ ಗೆರೆಗಳನ್ನು ಅಳಿಸಿಬಿಡಿ. ಪ್ಯಾಲೆಟ್‌ಗಳಲ್ಲಿ (ಗುರುತುಗಳ ಪಟ್ಟಿಗಳಲ್ಲಿ) ‘ಹಾರ್ಪ್’ ಕಾಣದಿದ್ದರೆ ‘ಆ್ಯಡ್ ಪ್ಯಾಲೆಟ್ಸ್’ ಒತ್ತಿ ಸೇರಿಸಿಕೊಳ್ಳಿ. ಅಲ್ಲೂ ಇಲ್ಲವೆಂದರೆ ನಿಮ್ಮದು ಹಳೆಯ ಆವೃತ್ತಿ, ಅಪ್‌ಡೇಟ್ ಮಾಡಿ. ಪೆಡಲ್ ಬದಲಾಗಬೇಕಾದ ಸ್ವರವನ್ನೋ ವಿರಾಮವನ್ನೋ ಆಯ್ದು, ಪ್ಯಾಲೆಟ್‌ನಲ್ಲಿ ಪೆಡಲ್ ಚಿತ್ರವನ್ನು ಕ್ಲಿಕ್ ಮಾಡಿ. ತೆರೆಯುವ ಪುಟ್ಟ ಕಿಟಕಿಯಲ್ಲಿ ಏಳು ಪೆಡಲ್‌ಗಳ ಸ್ಥಾನ ಹೊಂದಿಸಿ. ಚಿತ್ರ ಆ ಸ್ವರಕ್ಕೇ ಅಂಟಿಕೊಂಡಿರುತ್ತದೆ, ಪುಟ ಹೇಗೆ ಬದಲಾದರೂ ಅದರ ಜೊತೆಯಲ್ಲೇ ಸಾಗುತ್ತದೆ.

ಚಿತ್ರದಲ್ಲಿ ಪೆಡಲ್‌ಗಳ ಕ್ರಮ: ಎಡದಿಂದ ಡಿ, ಸಿ, ಬಿ. ನಡುವೆ ಉದ್ದ ಗೆರೆ. ಬಲಕ್ಕೆ ಇ, ಎಫ್, ಜಿ, ಎ. ಮೊದಲ ಮೂರು ಎಡಗಾಲಿಗೆ, ಉಳಿದ ನಾಲ್ಕು ಬಲಗಾಲಿಗೆ. ಗುರುತು ಮೇಲಿದ್ದರೆ ಫ್ಲ್ಯಾಟ್ (ಅರ್ಧ ಸ್ವರ ಇಳಿಕೆ), ನಡುವಿದ್ದರೆ ನ್ಯಾಚುರಲ್ (ಮೂಲ ಸ್ವರ), ಕೆಳಗಿದ್ದರೆ ಶಾರ್ಪ್ (ಅರ್ಧ ಸ್ವರ ಏರಿಕೆ). ಹೊಸಬರು ಇದನ್ನೇ ತಿರುವುಮುರುವು ಮಾಡುತ್ತಾರೆ. ಪೆಡಲ್ ತುಳಿದಷ್ಟೂ ತಂತಿ ಗಿಡ್ಡವಾಗಿ ಸ್ವರ ಏರುತ್ತದೆ ಎಂಬುದನ್ನು ನೆನಪಿಟ್ಟರೆ ಗೊಂದಲವಿಲ್ಲ.

ಚಿತ್ರ ಹಾಕಿದ ಮೇಲೆ, ಆ ಸ್ಥಾನದಲ್ಲಿ ನುಡಿಸಲಾಗದ ಸ್ವರಗಳು ಬೇರೆ ಬಣ್ಣಕ್ಕೆ ತಿರುಗುತ್ತವೆ. ಇಲ್ಲೊಂದು ಸೂಕ್ಷ್ಮವಿದೆ: ಈ ಎಚ್ಚರಿಕೆ ಸ್ವರವನ್ನು ಬರೆದ ರೀತಿಯನ್ನು ನೋಡುತ್ತದೆ, ನಾದವನ್ನಲ್ಲ. ಎ ಪೆಡಲ್ ಫ್ಲ್ಯಾಟ್‌ನಲ್ಲಿದ್ದು ಜಿ ನ್ಯಾಚುರಲ್‌ನಲ್ಲಿದ್ದರೆ, ಎ ಫ್ಲ್ಯಾಟ್‌ನದೇ ನಾದವಾದರೂ ಜಿ ಶಾರ್ಪ್ ಎಂದು ಬರೆದದ್ದಕ್ಕೆ ಬಣ್ಣ ಬರುತ್ತದೆ. ಎ ಫ್ಲ್ಯಾಟ್ ಎಂದು ತಿದ್ದಿ. ವಾದಕರಿಗೂ ಅದೇ ಬೇಕು, ಅವರು ಮಿಡಿಯುವುದು ಎ ತಂತಿಯನ್ನು.

ಪ್ರತಿ ಬದಲಾವಣೆಗೂ ಚಿತ್ರ ಖಂಡಿತ ಬೇಡ. ಕೃತಿಯ ಆರಂಭಕ್ಕೆ ಒಂದು, ಗ್ಲಿಸಾಂಡೋಗಳಿಗೆ ಒಂದೊಂದು ಸಾಕು. ಗ್ಲಿಸಾಂಡೋದಲ್ಲಿ ಕೈ ಎಲ್ಲ ತಂತಿಗಳ ಮೇಲೂ ಹರಿಯುವುದರಿಂದ ಏಳೂ ಪೆಡಲ್‌ಗಳ ಸ್ಥಾನ ತಿಳಿಯಲೇಬೇಕು. ಉದಾಹರಣೆಗೆ, ಬಿ, ಡಿ, ಎಫ್ (ಮೂರೂ ನ್ಯಾಚುರಲ್) ಮತ್ತು ಎ ಫ್ಲ್ಯಾಟ್ ಮಾತ್ರ ಕೇಳಬೇಕೆಂದರೆ ಡಿ ನಡುವೆ, ಸಿ ಮೇಲೆ, ಬಿ ನಡುವೆ. ಇ ಕೆಳಗೆ, ಎಫ್ ನಡುವೆ, ಜಿ ಕೆಳಗೆ, ಎ ಮೇಲೆ. ಸಿ ಫ್ಲ್ಯಾಟ್ ಬಿ ಆಗಿ, ಇ ಶಾರ್ಪ್ ಎಫ್ ಆಗಿ, ಜಿ ಶಾರ್ಪ್ ಎ ಫ್ಲ್ಯಾಟ್ ಆಗಿ ಕೇಳುತ್ತವೆ. ಉಳಿದ ಕಡೆ ಅದೇ ಕಿಟಕಿಯಲ್ಲಿ ಚಿತ್ರದ ಬದಲು ಅಕ್ಷರರೂಪ ಆರಿಸಿ. ಆಗ ಬದಲಾದ ಪೆಡಲ್‌ಗಳಷ್ಟೇ ಕಾಣುತ್ತವೆ. ಅನೇಕ ವಾದಕರು ಪೆನ್ಸಿಲ್‌ನಲ್ಲಿ ತಮ್ಮದೇ ಗುರುತು ಹಾಕಿಕೊಳ್ಳುತ್ತಾರೆ, ಎರಡು ಸ್ಟಾಫ್‌ಗಳ (ಐದು ಗೆರೆಗಳ ಸಾಲುಗಳ) ನಡುವೆ ಜಾಗ ಬಿಡಿ.

ಡಿ ಮತ್ತು ಬಿ ಎರಡನ್ನೂ ಒಂದೇ ಕ್ಷಣದಲ್ಲಿ ಬದಲಿಸಲು ಕೇಳಬೇಡಿ, ಎರಡೂ ಎಡಗಾಲಿನವು. ಬಿ ಜೊತೆಗೆ ಜಿ ಆದರೆ ಸಲೀಸು.

ಪ್ರಶ್ನೆ: ತಂತಿಯ ನಡುವನ್ನು ಹಗುರವಾಗಿ ಮುಟ್ಟಿ ಮಿಡಿಯುವ ಹಾರ್ಮಾನಿಕ್‌ಗೆ ಸ್ವರವನ್ನು ಎಲ್ಲಿ ಬರೆಯಬೇಕು?

ಉತ್ತರ: ಮಿಡಿಯುವ ತಂತಿಯ ಸ್ವರ ಬರೆದು, ಅದರ ಮೇಲೆ ಆರ್ಟಿಕ್ಯುಲೇಷನ್ ಪ್ಯಾಲೆಟ್‌ನ ಪುಟ್ಟ ವೃತ್ತ ಇಡಿ. ನಾದ ಬರೆದದ್ದಕ್ಕಿಂತ ಒಂದು ಆಕ್ಟೇವ್ (ಸ್ಥಾಯಿ) ಮೇಲೆ ಬರುತ್ತದೆ. ಕೇಳಿಸುವ ಸ್ವರವನ್ನೇ ಬರೆಯುವವರೂ ಇರುವುದರಿಂದ, ನೀವು ಯಾವ ರೀತಿ ಬರೆದಿದ್ದೀರಿ ಎಂದು ಮೊದಲ ಪುಟದಲ್ಲೇ ಒಂದು ಸಾಲು ಹಾಕಿ.