ಅಣ್ಣನಿಗೆ ಕಣ್ಣಿನ ಕ್ಯಾನ್ಸರ್: ಹುಟ್ಟಲಿರುವ ಮಗುವಿಗೆ?

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷದಲ್ಲಿ ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರ್ ಬಂದು ಒಂದು ಕಣ್ಣು ತೆಗೆಸಬೇಕಾಯಿತು. ಮನೆತನದಲ್ಲಿ ಇನ್ಯಾರಿಗೂ ಇಲ್ಲ. ಈಗ ನಾನು ಐದು ತಿಂಗಳ ಗರ್ಭಿಣಿ. ಈ ಮಗುವಿಗೂ ಬರಬಹುದೇ?

ಉತ್ತರ: ಮನೆತನದಲ್ಲಿ ಇಲ್ಲವೆಂದು ನಿಶ್ಚಿಂತರಾಗಬೇಡಿ. 13ನೇ ವರ್ಣತಂತುವಿನ ಆರ್‌ಬಿ1 ಜೀನ್ ಜೀವಕೋಶಗಳು ಲಂಗುಲಗಾಮಿಲ್ಲದೆ ವಿಭಜನೆಯಾಗದಂತೆ ತಡೆಯುತ್ತದೆ. ಅದರ ಎರಡೂ ಪ್ರತಿಗಳು ಕೆಟ್ಟಾಗ ಈ ಗಡ್ಡೆ ಹುಟ್ಟುತ್ತದೆ. ಒಂದೇ ಕಣ್ಣಿಗೆ ಬಂದ ಮಕ್ಕಳಲ್ಲೂ ಸುಮಾರು ಶೇ 15ರಷ್ಟು ಮಂದಿಗೆ ಕೆಟ್ಟ ಪ್ರತಿ ಹುಟ್ಟಿನಿಂದಲೇ ಇರುತ್ತದೆ.

ಮೊದಲ ಪರೀಕ್ಷೆ ಮಗನಿಗೇ ಆಗಲಿ, ಈಗಲೇ. ತೆಗೆದ ಗಡ್ಡೆಯ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕಾಪಿಟ್ಟ ಗಡ್ಡೆಯ ತುಣುಕು) ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿದ್ದರೆ ಕೇಳಿ ಪಡೆದು, ಅವನ ರಕ್ತದ ಜೊತೆಗೇ ಕಳಿಸಿ. ಗಡ್ಡೆಯಲ್ಲಿ ಸಿಕ್ಕ ಎರಡು ಜೀನ್ ದೋಷಗಳಲ್ಲಿ ಒಂದೂ ರಕ್ತದಲ್ಲಿ ಇಲ್ಲದಿದ್ದರೆ ಮುಂದಿನ ಮಗುವಿಗೆ ಅಪಾಯ ತೀರಾ ಕಡಿಮೆ. ಬರೀ ರಕ್ತ ನೋಡಿ ‘ಇಲ್ಲ’ ಎಂದ ವರದಿಗೆ ಅಷ್ಟು ತೂಕವಿಲ್ಲ. ಕೆಲವೇ ಕೋಶಗಳಲ್ಲಿರುವ ದೋಷ ತಪ್ಪಿಹೋಗಬಹುದು.

ಮಗನ ರಕ್ತದಲ್ಲಿ ದೋಷ ಸಿಕ್ಕರೆ ಗಂಡ ಹೆಂಡತಿ ಇಬ್ಬರೂ ಪರೀಕ್ಷಿಸಿಕೊಳ್ಳಿ. ಒಬ್ಬರಲ್ಲಿದ್ದರೆ ಮಗುವಿಗೆ ದಾಟುವ ಸಾಧ್ಯತೆ ಶೇ 50. ಇಬ್ಬರಲ್ಲೂ ಸಿಗದಿದ್ದರೂ ದೋಷ ಅಂಡಾಣು, ವೀರ್ಯಾಣುಗಳಲ್ಲಷ್ಟೇ ಅಡಗಿರಬಹುದು. ಹಾಗಾಗಿ ಹೆರಿಗೆಯ ಹೊತ್ತಿಗೆ ಮಗುವಿನ ಪರೀಕ್ಷೆಗೆಂದು ಹೊಕ್ಕುಳಬಳ್ಳಿಯ ರಕ್ತ ತೆಗೆದಿಡಲು ಹೇಳಿ. ವರದಿಗೆ ಕಾಯುತ್ತ ಕೂರದೆ, ಮೊದಲ ವಾರದಲ್ಲೇ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಅಕ್ಷಿಪಟಲ (ಕಣ್ಣಿನ ಒಳಗಿನ ಪರದೆ, ರೆಟಿನಾ) ನೋಡಿಸಿ. ಮಗುವಿಗೆ ದೋಷ ಇದೆಯೆಂದಾದರೆ ಮೊದಲ 8 ವಾರ 2ರಿಂದ 4 ವಾರಕ್ಕೊಮ್ಮೆ, ಆಮೇಲೆ ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ ತಪಾಸಣೆ ಬೇಕು.